ಸಹಾಯ ಬೇಕು: ಮಡಕೆ ಚೂರುಗಳು ಅಲ್ಲಿಯವೇ, ಹರಿದು ಬಂದವೇ?

ನಮ್ಮದು ಹವ್ಯಾಸಿಗಳ ಸಣ್ಣ ಪುರಾತತ್ವ ತಂಡ. ಅಗೆಯಲು ಅನುಮತಿ ಇಲ್ಲ, ಹಾಗಾಗಿ ಉತ್ತ ಹೊಲದಲ್ಲಿ ಮೇಲ್ಮೈ ಸಮೀಕ್ಷೆ ಮಾತ್ರ ಮಾಡುತ್ತಿದ್ದೇವೆ. ಹೊಲವನ್ನು 10 ಮೀಟರ್ ಚೌಕಗಳಾಗಿ ಹಂಚಿ, ಪ್ರತಿ ಚೌಕದ ಚೂರುಗಳನ್ನು ಎಣಿಸಿ, ತೂಗಿ, ನಕ್ಷೆಗೆ ಹಾಕಿದ್ದೇವೆ.

ಹೊಲ ಇಳಿಜಾರು. ಚೂರುಗಳೆಲ್ಲ ಕೆಳಗಿನ ಅಂಚಿನಲ್ಲೇ ಜಾಸ್ತಿ. ಮಳೆ ನೀರು, ನೇಗಿಲು ಎರಡೂ ಮಣ್ಣನ್ನು ಕೆಳಕ್ಕೆ ತಳ್ಳುತ್ತವೆ ಅಲ್ವಾ? ಅದಕ್ಕೇ ಚೂರುಗಳ ಅಂಚುಗಳನ್ನು ನೋಡಿದೆವು. ಉರುಳಿ ಬಂದಿದ್ದರೆ ಸವೆದು ದುಂಡಗಾಗಿರಬೇಕು. ಆದರೆ ಒಂದೇ ಚೌಕದಲ್ಲಿ ಸವೆದ ಚೂರೂ ಇದೆ, ಚೂಪು ಅಂಚಿನ ದೊಡ್ಡ ಚೂರೂ ಇದೆ. ಚೂಪು ಅಂಚು ಮೊನ್ನೆಯ ಉಳುಮೆಗೆ ಮುರಿದದ್ದೂ ಇರಬಹುದು. ಒಡೆದ ಜಾಗ ಹೊಸದಾಗಿ ಕಂಡವನ್ನು ಬೇರೆ ಇಟ್ಟೆವು, ಗೊಂದಲ ಹೋಗಲಿಲ್ಲ. ಆರಿಸುವವರ ಕಣ್ಣಿನ ವ್ಯತ್ಯಾಸವೇನೋ ಎಂದು ಜನ ಬದಲಿಸಿ ಮತ್ತೆ ನಡೆದೆವು. ಚಿತ್ರ ಅದೇ. (ತಂಡದಲ್ಲಿ ಒಬ್ಬರು ಆಗಲೇ ‘ಹಳೇ ಊರು ಸಿಕ್ಕಿತು’ ಎನ್ನುತ್ತಿದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ.)

ಅಗೆಯದೆ, ಈ ಚೂರುಗಳು ಅಲ್ಲಿನ ನೆಲದಿಂದಲೇ ಎದ್ದವೋ, ಮೇಲಿಂದ ಹರಿದು ಬಂದವೋ ಎಂದು ತಿಳಿಯುವುದು ಹೇಗೆ? ಚೂರಿನ ಸರಾಸರಿ ತೂಕವನ್ನು ಇಳಿಜಾರಿನ ಉದ್ದಕ್ಕೂ ಹೋಲಿಸಿದರೆ ಸಾಕೇ, ಅಥವಾ ಹೂತ ಗೋಡೆ, ಗುಂಡಿಗಳ ಸುಳಿವಿಗಾಗಿ ನೆಲದ ವಿದ್ಯುತ್ ರೋಧ ಅಳೆಯುವ ಸಮೀಕ್ಷೆಗೇ ಹೋಗಬೇಕೇ?