ರೀಫ್ ಟ್ಯಾಂಕಿನ ಕೂದಲು ಪಾಚಿ: ಕಿತ್ತಷ್ಟೂ ಬರುತ್ತಿದೆ, ಏನು ಹಾಕಲಿ?

ರಾಯಚೂರಿನಿಂದ ಪ್ರಶ್ನೆ: 200 ಲೀಟರ್ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ), ಎಂಟು ತಿಂಗಳಾಗಿದೆ. ಕಲ್ಲಿನ ತುಂಬ ಹಸಿರು ಕೂದಲು ಪಾಚಿ. ಪಾಚಿಗೆ ಆಹಾರವಾಗುವ ನೈಟ್ರೇಟ್ 25 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ ಸೊನ್ನೆ. ಆವಿಯಾದಷ್ಟು ನೀರನ್ನು ಮನೆಯ ಆರ್‌ಓದಿಂದ ತುಂಬುತ್ತೇನೆ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) 85. ಯಾವ ಔಷಧಿ ಒಳ್ಳೆಯದು?

ಬಳ್ಳಾರಿ: ಔಷಧಿ ಆಮೇಲೆ ನೋಡ್ರಿ, ಮೊದಲು ಆ 85 ಇಳಿಸ್ರಿ. ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನ್ ಹಾಕಿದ್ರೆ ದಿನಕ್ಕ 4 ಲೀಟರ್ ಆರಿ ಹೋಗೋದು ಸಹಜ, ತಿಂಗಳಿಗೆ 120 ಲೀಟರ್. ನೀರಷ್ಟೇ ಆವಿಯಾಗ್ತದ, ಅದರೊಳಗಿದ್ದದ್ದು ಟ್ಯಾಂಕಿನಲ್ಲೇ ಉಳೀತದ. ತುಂಬೋ ನೀರಲ್ಲಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಇದ್ರೂ ತಿಂಗಳಿಗೆ 6 ಪಿಪಿಎಂ ಏರ್ತದ, ಮೀನಿಗೆ ಒಂದು ಕಾಳು ಹಾಕದಿದ್ರೂ. ಮನೆಯ ಆರ್‌ಓದಲ್ಲಿ ರುಚಿಗಂತ ಟಿಡಿಎಸ್ ತಿರುಪು ಇರ್ತದ, ಅದು ಬೋರ್ ನೀರನ್ನ ವಾಪಸ್ ಬೆರೆಸ್ತದ. ಅದನ್ನ ಪೂರ್ತಿ ಮುಚ್ಚಿ, ಮಿನರಲ್ ಕಾರ್ಟ್ರಿಡ್ಜಿಗಿಂತ ಮೊದಲೇ ಪೈಪ್ ತೆಗೆದು ಡಿಐ ರೆಸಿನ್ (ಉಳಿದ ಲವಣ ಹಿಡಿಯೋ ಹರಳು) ಮೂಲಕ ಹಾಯಿಸ್ರಿ. ಮೀಟರ್ 0 ತೋರಿಸಬೇಕು. ರೆಸಿನ್ ಮುಗೀತಾ ಬಂದಾಗ ಮೊದಲು ನುಸುಳೋದು ಸಿಲಿಕಾ, ಅದು ಮೀಟರಿಗೆ ಸಿಗೋದಿಲ್ಲ. ಸಿಲಿಕಾ ಬಳಸಿ ಬೆಳೆಯೋ ಕಂದು ಪಾಚಿ ಗಾಜಿನ ಮೇಲೆ ಧೂಳಿನಂಗ ಕೂತ್ರೆ ರೆಸಿನ್ ಬದಲಿಸ್ರಿ.

ಗಂಗಾವತಿ: ಫಾಸ್ಫೇಟ್ ಸೊನ್ನೆ ಎಂಬುದನ್ನು ನಂಬಬೇಡಿ. ನೀರಿಗೆ ಬಂದದ್ದನ್ನು ಪಾಚಿ ಆಗಲೇ ತಿಂದಿರುತ್ತದೆ. ಪಂಪ್ ನಿಲ್ಲಿಸಿ, ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಕಲ್ಲನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ, ಆ ನೀರು ಚೆಲ್ಲಿಬಿಡಿ. ಟ್ಯಾಂಕಿನೊಳಗೇ ಉಜ್ಜಿದರೆ ತುಂಡುಗಳು ಬೇರೆ ಕಲ್ಲಿಗೆ ಹತ್ತುತ್ತವೆ. ಪಾಚಿ ಕಡಿಮೆಯಾದ ಮೇಲೆ ವಾರಕ್ಕೊಮ್ಮೆ ಟೆಸ್ಟ್ ಮಾಡಿ, ಫಾಸ್ಫೇಟ್ 0.1 ದಾಟಿದರೆ ಮಾತ್ರ ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು), ಅದೂ ಹೇಳಿದ ಅಳತೆಯ ಅರ್ಧದಿಂದ ಶುರು. ಒಮ್ಮೆಲೇ ಇಳಿಸಿದರೆ ಹವಳ ಬಿಳಿಚಿಕೊಳ್ಳುತ್ತದೆ. ನೈಟ್ರೇಟ್ 5ರಿಂದ 10 ಇದ್ದರೆ ಸಾಕು, ಸೊನ್ನೆ ಬೇಡ.

ಸಿಂಧನೂರು: ಔಷಧಿ ಕೇಳಿದ್ದೀರಲ್ಲ, ಎಳೆ ಜರೀಗಿಡದ ಎಲೆಯಂತೆ ಕವಲೊಡೆದಿದೆಯೇ ನೋಡಿ. ಹಾಗಿದ್ದರೆ ಅದು ಬ್ರಯಾಪ್ಸಿಸ್ ಎಂಬ ಬೇರೆ ಪಾಚಿ, ಅದಕ್ಕೆ ಫ್ಲೂಕೊನಜೋಲ್ (ಶಿಲೀಂಧ್ರದ ಔಷಧಿ) ನಾಟುತ್ತದೆ. ಲೀಟರಿಗೆ ಸುಮಾರು 5 ಮಿಲಿಗ್ರಾಂ. ಕಲ್ಲು ಕಳೆದು 160 ಲೀಟರ್ ನೀರಿದ್ದರೆ 150 ಮಿಲಿಗ್ರಾಮಿನ ಐದು ಮಾತ್ರೆ. ಔಷಧಿ ಹೀರುವ ಕಾರ್ಬನ್ ತೆಗೆಯಿರಿ, ಯುವಿ ದೀಪ ಆರಿಸಿ, ಸ್ಕಿಮ್ಮರ್ (ನೊರೆಯಲ್ಲಿ ಕೊಳೆ ತೆಗೆಯುವ ಯಂತ್ರ) ಗಾಳಿಗಷ್ಟೇ ಓಡಲಿ. 14 ದಿನ ಬಿಟ್ಟು 30% ನೀರು ಬದಲಿಸಿ ಕಾರ್ಬನ್ ಹಾಕಿ. ಗುಳ್ಳೆ ಹಿಡಿದ ಕಂದು ಲೋಳೆ ರಾತ್ರಿ ತೆಳುವಾಗಿ ಮಧ್ಯಾಹ್ನ ಮರಳಿದರೆ ಮಾತ್ರ ಇದಾವುದೂ ಬೇಡ. ಅದು ಡೈನೋ (ಡೈನೋಫ್ಲಾಜಲೇಟ್ ಎಂಬ ಸೂಕ್ಷ್ಮಜೀವಿ), ಪೋಷಕಾಂಶ ಸೊನ್ನೆಯಾದಾಗಲೇ ಹೆಚ್ಚುತ್ತದೆ.

ಕೊಪ್ಪಳ: ಲೈಟು ದಿನಕ್ಕೆ 7 ಗಂಟೆಗೆ ಇಳಿಸಿ. ಪಾಚಿ ಮೇಯಲು ಬಸವನಹುಳ ತರುವುದಾದರೆ ಟ್ರೋಕಸ್ ಜಾತಿಯದು ತನ್ನಿ. ಮೆಕ್ಸಿಕನ್ ಟರ್ಬೊ ತಣ್ಣೀರಿನದು, ನಮ್ಮ ಏಪ್ರಿಲ್ ತಡೆಯುವುದಿಲ್ಲ. ಸತ್ತ ಹುಳ ಮತ್ತೆ ಪಾಚಿಗೇ ಗೊಬ್ಬರ.

ರಾಯಚೂರು: ತಿರುಪು ತೆರೆದೇ ಇತ್ತು. ಮುಚ್ಚಿದ ಮೇಲೆ 38.

ಬಳ್ಳಾರಿ: 38ಕ್ಕ ನಿಲ್ಲಿಸಬ್ಯಾಡ್ರಿ, ರೆಸಿನ್ ಹಾಕ್ರಿ. ವಾರಕ್ಕ 20 ಲೀಟರ್ ಬದಲಿಸ್ರಿ, ಉಪ್ಪನ್ನೂ ಅದೇ 0 ಟಿಡಿಎಸ್ ನೀರಲ್ಲೇ ಕಲಸ್ರಿ.