ಕಾಫಿಪುಡಿ ಘಟಕವನ್ನು ದೊಡ್ಡದು ಮಾಡುವ ಮೊದಲು: ಲೆಕ್ಕಪರಿಶೋಧಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸುಂಟಿಕೊಪ್ಪ): ನಮಸ್ಕಾರ ಮೇಡಂ. ನಾನು ಮತ್ತು ನನ್ನ ತಮ್ಮ ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ಸಣ್ಣ ಘಟಕ ನಡೆಸುತ್ತಿದ್ದೇವೆ. ತಿಂಗಳಿಗೆ ಸುಮಾರು 500 ಕೆ.ಜಿ. ಬೀಜ ಹುರಿಯುತ್ತೇವೆ. ಮಡಿಕೇರಿ, ಕುಶಾಲನಗರದ ಅಂಗಡಿಗಳಿಗೂ ಬೆಂಗಳೂರಿನ ಒಬ್ಬ ಸಗಟು ಖರೀದಿದಾರರಿಗೂ ಮಾಲು ಹೋಗುತ್ತದೆ. ಮಾರಾಟ ಪ್ರತಿ ವರ್ಷ ಏರುತ್ತಿದ್ದರೂ ಕೈಯಲ್ಲಿ ಹಣ ನಿಲ್ಲುತ್ತಿಲ್ಲ. ಸಾಲ ಮಾಡಿ ದೊಡ್ಡ ಯಂತ್ರ ತಂದು ಉತ್ಪಾದನೆಯನ್ನು ಎರಡರಷ್ಟು ಮಾಡಿದರೆ ಪರಿಸ್ಥಿತಿ ಸುಧಾರಿಸೀತೇ? ನಮಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇದೆ.

ಉತ್ತರ (ಲೆಕ್ಕಪರಿಶೋಧಕಿ, ಕುಶಾಲನಗರ): ನಮಸ್ಕಾರ. ಯಂತ್ರದ ಬೆಲೆಯನ್ನು ಸದ್ಯ ಪಕ್ಕಕ್ಕಿಟ್ಟು, ಈಗಿನ ವ್ಯಾಪಾರದಲ್ಲಿ ಎಷ್ಟು ಹಣ ಕಟ್ಟಿಹಾಕಿಕೊಂಡಿದೆ ಎಂಬುದನ್ನು ಮೊದಲು ಲೆಕ್ಕ ಹಾಕೋಣ. ನಿಮ್ಮ ಪುಸ್ತಕ ನನ್ನ ಮುಂದಿಲ್ಲವಾದ್ದರಿಂದ ದರಗಳನ್ನು ಉದಾಹರಣೆಗಾಗಿ ಊಹಿಸಿಕೊಳ್ಳುತ್ತೇನೆ; ನಿಮ್ಮ ಅಂಕಿಗಳನ್ನು ಹಾಕಿ ನೀವೇ ಮತ್ತೊಮ್ಮೆ ನೋಡಿ.

ಕ್ಯೂರಿಂಗ್ ಆದ (ಒಣಸಿಪ್ಪೆ ತೆಗೆದು ವಿಂಗಡಿಸಿದ) ಬೀಜ ಕೆ.ಜಿ.ಗೆ 400 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳ ಬೀಜದ ಖರ್ಚು 2 ಲಕ್ಷ ರೂಪಾಯಿ. ನಮ್ಮಲ್ಲಿ ಅರೇಬಿಕಾ ಜಾತಿಯ ಕಾಫಿಯ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ, ರೋಬಸ್ಟಾ ಜಾತಿಯದು ಮಾರ್ಚ್ ಸುಮಾರಿಗೆ ಮುಗಿಯುತ್ತದೆ. ಒಳ್ಳೆಯ ಬೀಜ ಬೇಕೆನ್ನುವವರು ಆಗಲೇ ಖರೀದಿಸಿ ಇಟ್ಟುಕೊಳ್ಳಬೇಕಾಗುತ್ತದೆ. ಮೂರು ತಿಂಗಳ ದಾಸ್ತಾನು ಎಂದರೂ 6 ಲಕ್ಷ. ಹುರಿದಾಗ ತೂಕ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಇಳಿಯುವುದರಿಂದ 500 ಕೆ.ಜಿ. ಬೀಜಕ್ಕೆ 420 ಕೆ.ಜಿ. ಪುಡಿ ಸಿಗುತ್ತದೆ ಎನ್ನೋಣ. ಅದನ್ನು 650 ರೂಪಾಯಿಯಂತೆ ಮಾರಿದರೆ ತಿಂಗಳಿಗೆ 2.73 ಲಕ್ಷ. ಅಂಗಡಿಯವರಿಗೆ ಎರಡು ತಿಂಗಳ ಉದ್ರಿ ಕೊಟ್ಟರೆ ಅಲ್ಲಿ 5.46 ಲಕ್ಷ ನಿಂತಿತು. ದಾಸ್ತಾನೂ ಉದ್ರಿಯೂ ಸೇರಿ ಸುಮಾರು ಹನ್ನೊಂದೂವರೆ ಲಕ್ಷ ಸದಾ ಹೊರಗೇ ಇರುತ್ತದೆ.

ಉತ್ಪಾದನೆ ಎರಡರಷ್ಟಾದರೆ ಈ ಮೊತ್ತವೂ ಎರಡರಷ್ಟಾಗುತ್ತದೆ. ಅಂದರೆ ಯಂತ್ರದ ಸಾಲದ ಮೇಲೆ ಇನ್ನೂ ಹನ್ನೊಂದೂವರೆ ಲಕ್ಷ ಬೇಕು. ಬೀಜದ ಖರ್ಚು ಕಳೆದು ನಿಮಗೆ ಈಗ ತಿಂಗಳಿಗೆ ಉಳಿಯುವುದು 73,000. ಕರೆಂಟು, ಪ್ಯಾಕಿಂಗ್, ಸಾಗಣೆ, ಕೂಲಿ ಯಾವುದನ್ನೂ ಕಳೆಯದೆ ಇಡೀ ಹಣವನ್ನು ಕೂಡಿಟ್ಟರೂ ಅಷ್ಟು ಒಟ್ಟಾಗಲು ಹದಿನೈದು ತಿಂಗಳಿಗೂ ಹೆಚ್ಚು ಬೇಕು. ಮಾರಾಟ ಏರಿದರೂ ಕೈಯಲ್ಲಿ ಹಣ ನಿಲ್ಲದಿರುವುದಕ್ಕೆ ಕಾರಣ ಇದೇ. ಲಾಭದಲ್ಲಿದ್ದೇ ಮುಚ್ಚಿಹೋಗುವ ಸಣ್ಣ ಘಟಕಗಳಿಗೆ ಸಾಮಾನ್ಯವಾಗಿ ಇದೇ ತೊಂದರೆ ಇರುತ್ತದೆ. ಆದ್ದರಿಂದ ಮೊದಲು ಉದ್ರಿಯ ಅವಧಿಯನ್ನು ಎರಡು ತಿಂಗಳಿಂದ ಒಂದಕ್ಕೆ ಇಳಿಸಿ. ಮೇಲಿನ ಲೆಕ್ಕದಲ್ಲಿ ಅಷ್ಟರಿಂದಲೇ 2.73 ಲಕ್ಷ ಬಡ್ಡಿಯಿಲ್ಲದೆ ಕೈಗೆ ಬರುತ್ತದೆ. ಬ್ಯಾಂಕಿಗೆ ಹೋದಾಗ ಯಂತ್ರಕ್ಕೆ ಅವಧಿ ಸಾಲವನ್ನೂ ಬೀಜದ ಖರೀದಿಗೆ ಸಿ.ಸಿ. (ಕ್ಯಾಶ್ ಕ್ರೆಡಿಟ್: ಬೇಕಾದಾಗ ತೆಗೆದು, ಹಣ ಬಂದಾಗ ಕಟ್ಟುವ ಸಾಲ) ಮಿತಿಯನ್ನೂ ಬೇರೆ ಬೇರೆಯಾಗಿ ಕೇಳಿ. ಸಿ.ಸಿ. ಹಣದಲ್ಲಿ ಯಂತ್ರ ಕೊಂಡವರು ಮುಂದಿನ ಕೊಯ್ಲಿನ ಹೊತ್ತಿಗೆ ಬೀಜ ಕೊಳ್ಳಲು ಪರದಾಡುವುದನ್ನು ನಾನು ಪದೇ ಪದೇ ನೋಡುತ್ತಿದ್ದೇನೆ.

ಪ್ರಶ್ನೆ (ಸುಂಟಿಕೊಪ್ಪದವರೇ): ಅಂಗಡಿಯವರು ಹೇಗೋ ಕೊಡುತ್ತಾರೆ. ಬೆಂಗಳೂರಿನವರು ನಾಲ್ಕು ತಿಂಗಳು ಎಳೆಯುತ್ತಾರೆ. ಒತ್ತಾಯಿಸಿದರೆ ಆರ್ಡರ್ ನಿಲ್ಲಿಸುತ್ತಾರೆಂಬ ಭಯ.

ಉತ್ತರ: ನೀವು ಉತ್ಪಾದಕರು, ಉದ್ಯಮ್ ನೋಂದಣಿಯೂ ಇದೆ. ಹೀಗಾಗಿ 2006ರ ಎಂ.ಎಸ್.ಎಂ.ಇ. (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ರಕ್ಷಣೆ ನಿಮಗಿದೆ. ಲಿಖಿತ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಖರೀದಿದಾರರು ಹಣ ಕೊಡಬೇಕು; ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಅಸ್ತ್ರ ತೆರಿಗೆಯದು. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಈ ಅವಧಿ ಮೀರಿಯೂ ಕೊಡದೆ ಉಳಿಸಿಕೊಂಡ ಬಾಕಿಯನ್ನು, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದ್ದರಿಂದ ಮಾರ್ಚ್ ತಿಂಗಳಲ್ಲಿ ನಿಮ್ಮ ಬಾಕಿ ತೀರಿಸಬೇಕೆಂದು ಅವರ ಲೆಕ್ಕಪರಿಶೋಧಕರೇ ಅವರಿಗೆ ಹೇಳುತ್ತಾರೆ. ಪ್ರತಿ ಇನ್‌ವಾಯ್ಸ್ ಮೇಲೂ ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ಅಚ್ಚು ಹಾಕಿಸಿ. ದೂರು ಕೊಡುವುದು ಕೊನೆಯ ದಾರಿ. ಇನ್ನು ಆ ಭಯದ ವಿಷಯ: ಒಬ್ಬರೇ ಖರೀದಿದಾರರು ಅರ್ಧಕ್ಕಿಂತ ಹೆಚ್ಚು ಮಾಲು ಕೊಳ್ಳುತ್ತಿದ್ದರೆ, ಹೊಸ ಯಂತ್ರಕ್ಕಿಂತ ಮೊದಲು ಹೊಸ ಗಿರಾಕಿಗಳನ್ನು ಹುಡುಕಬೇಕು.

ಪ್ರಶ್ನೆ (ಸೋಮವಾರಪೇಟೆ): ಬೀಜದ ಬೆಲೆ ಏರುವುದಾದರೆ ಸಾಲ ಮಾಡಿಯಾದರೂ ವರ್ಷದ ದಾಸ್ತಾನು ಮಾಡಿಕೊಳ್ಳುವುದು ಜಾಣತನವಲ್ಲವೇ?

ಉತ್ತರ: ರೋಬಸ್ಟಾ ಚೆರ್ರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ) 50 ಕೆ.ಜಿ. ಚೀಲ 2024ರಲ್ಲಿ 10,000 ರೂಪಾಯಿ ದಾಟಿದಾಗ, ಮೊದಲೇ ಕೊಂಡಿಟ್ಟವರು ಗೆದ್ದರು. ಅದಕ್ಕೆ ನಾಲ್ಕೈದು ವರ್ಷ ಹಿಂದೆ ಅದೇ ಚೀಲ 4,000ದ ಕೆಳಗಿತ್ತು ಎಂಬುದೂ ನಿಮಗೆ ಗೊತ್ತು. ಈ ಏರಿಳಿತ ನಿರ್ಧಾರವಾಗುವುದು ಹೆಚ್ಚಾಗಿ ಬ್ರೆಜಿಲ್, ವಿಯೆಟ್ನಾಂಗಳ ಬೆಳೆಯ ಮೇಲೆ. ಪುಡಿಯ ವ್ಯಾಪಾರದಿಂದ ಬಂದ ಲಾಭವನ್ನೂ ದಾಸ್ತಾನಿನ ಬೆಲೆ ಏರಿ ಬಂದ ಲಾಭವನ್ನೂ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಬರೆದು ನೋಡಿ. ಎರಡನೆಯದನ್ನು ನಂಬಿ ಕಂತು ಒಪ್ಪಿಕೊಳ್ಳಬೇಡಿ. ಬೆಲೆ ಏರಿದಾಗ ಸದ್ದಿಲ್ಲದೆ ಚಿಕೋರಿ (ಕಾಫಿಪುಡಿಗೆ ಬೆರೆಸುವ ಹುರಿದ ಬೇರಿನ ಪುಡಿ) ಹೆಚ್ಚಿಸುವ ಚಾಳಿಯೂ ಇದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಚಿಕೋರಿ ಶೇಕಡಾ 49 ಮೀರುವಂತಿಲ್ಲ, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು. ಕಾನೂನಿನೊಳಗೇ ಹೆಚ್ಚಿಸಿದರೂ ದಿನಾ ಕುಡಿಯುವವರ ನಾಲಿಗೆಗೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಅದರ ಬದಲು ದರವನ್ನು ಸ್ವಲ್ಪ ಏರಿಸಿ ಕಾರಣ ಹೇಳುವುದು ಮೇಲು.

ಪ್ರಶ್ನೆ (ಗೋಣಿಕೊಪ್ಪ): ‘ಕೂರ್ಗ್’ ಹೆಸರೇ ಸಾಕಲ್ಲವೇ? ಜಿ.ಐ. (ಭೌಗೋಳಿಕ ಗುರುತು) ಮಾನ್ಯತೆ ಇರುವಾಗ ಮಾರುಕಟ್ಟೆ ತಾನಾಗಿ ಬರುವುದಿಲ್ಲವೇ?

ಉತ್ತರ: ಕೊಡಗಿನ ಕಿತ್ತಳೆಗೆ ಆ ಮಾನ್ಯತೆ 2006ರಲ್ಲೇ ಸಿಕ್ಕಿತು. ಆದರೆ ಅಷ್ಟರಲ್ಲಿ ಗ್ರೀನಿಂಗ್ ರೋಗ, ಗಿಡ ಒಣಗುವ ಕಾಯಿಲೆಗಳಿಂದ ಗಿಡಗಳೇ ಕಡಿಮೆಯಾಗಿದ್ದವು. ಹೆಸರು ಉಳಿಯಿತು, ಹಣ್ಣು ವಿರಳವಾಯಿತು. ಪೂರೈಕೆ ಕುಸಿದಾಗ ಹೆಸರು ಏನನ್ನೂ ಮಾಡಲಾರದು. ಕಾಫಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: 2019ರಲ್ಲಿ ಜಿ.ಐ. ಸಿಕ್ಕಿದ್ದು ಕೂರ್ಗ್ ಅರೇಬಿಕಾಗೆ. ರೋಬಸ್ಟಾ ಬೆರೆಸಿದ ಪುಡಿಗೆ ಆ ಗುರುತು ಹಾಕುವಂತಿಲ್ಲ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆಯೂ ಹಾಕುವಂತಿಲ್ಲ. ಯುರೋಪಿಗೆ ಕಳಿಸುವ ಆಲೋಚನೆ ಇದ್ದರೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋಟದ ಸ್ಥಳಗುರುತಿನೊಂದಿಗೆ ತೋರಿಸಬೇಕೆಂಬ ಅವರ ನಿಯಮಕ್ಕೆ ಈಗಿನಿಂದಲೇ ಸಿದ್ಧರಾಗಿ. ನೆರಳಿನ ಮರಗಳ ಕೆಳಗೆ ಕಾಫಿ ಬೆಳೆಯುವ ನಮಗೆ ಇದು ಅನುಕೂಲವೇ, ಆದರೆ ಯಾವ ಚೀಲ ಯಾವ ತೋಟದ್ದು ಎಂಬ ಲೆಕ್ಕವಿದ್ದರೆ ಮಾತ್ರ.

ಪ್ರಶ್ನೆ (ಸುಂಟಿಕೊಪ್ಪ, ಮೊದಲು ಕೇಳಿದವರು): ನಮ್ಮದು ಜಮ್ಮಾ ಜಾಗ (ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು), ಪಹಣಿಯಲ್ಲಿ ಪಟ್ಟೇದಾರರಾದ, ಅಂದರೆ ಕುಟುಂಬದ ಹಿರಿಯರಾದ ದೊಡ್ಡಪ್ಪನ ಹೆಸರಿದೆ. ಬ್ಯಾಂಕಿನವರು ಅಡಮಾನಕ್ಕೆ ಒಪ್ಪುತ್ತಿಲ್ಲ. ಸಬ್ಸಿಡಿ ಸಿಗುವುದಾದರೆ ಕಾಯಬೇಕೇ?

ಉತ್ತರ: ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಸಿ.ಜಿ.ಟಿ.ಎಂ.ಎಸ್.ಇ. ವ್ಯವಸ್ಥೆ 2000ದಿಂದ ಇದೆ. ಅದರಡಿ ಅರ್ಜಿ ಪರಿಶೀಲಿಸುವಂತೆ ಲಿಖಿತವಾಗಿ ಕೇಳಿ, ಶುಲ್ಕ ನಿಮ್ಮ ಮೇಲೆ ಬೀಳುತ್ತದೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಕುಟುಂಬದ ಜಾಗದಲ್ಲಿ ಶೆಡ್ ಇದ್ದರೆ ದೊಡ್ಡಪ್ಪನವರೂ ಉಳಿದ ಪಾಲುದಾರರೂ ಸಹಿ ಮಾಡಿದ ಬಾಡಿಗೆ ಕರಾರನ್ನು ಈಗಲೇ ಮಾಡಿಕೊಳ್ಳಿ, ಘಟಕ ಬೆಳೆದ ಮೇಲೆ ಆ ಸಹಿಗಳು ಸುಲಭವಾಗಿ ಸಿಗುವುದಿಲ್ಲ. ಕಿರು ಆಹಾರ ಸಂಸ್ಕರಣೆಗಾಗಿ 2020ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ ಶೇಕಡಾ 35, ಗರಿಷ್ಠ 10 ಲಕ್ಷ ಸಹಾಯಧನ ಇತ್ತು. ಈಗ ಅರ್ಜಿ ಪಡೆಯುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆ ಹಣ ನಿಮ್ಮ ಕೈಗೆ ಬರುವುದಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಸಾಲ ಸರಿಯಾಗಿ ನಡೆದಿದ್ದರೆ ಬಳಿಕ ಹೊಂದಾಣಿಕೆಯಾಗುತ್ತದೆ. ಸಹಾಯಧನ ಇಲ್ಲದೆಯೂ ಕಂತು ಕಟ್ಟಲು ಸಾಧ್ಯವಾಗುವ ಯಂತ್ರವನ್ನು ಮಾತ್ರ ಆರಿಸಿಕೊಳ್ಳಿ. ಬರುವಾಗ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಗಿರಾಕಿವಾರು ಬಾಕಿಪಟ್ಟಿ ಎರಡನ್ನೂ ತನ್ನಿ. ಯಂತ್ರದ ಕೊಟೇಶನ್ ಆಮೇಲೆ ನೋಡೋಣ.