ಓದುಗರ ಸ್ಪಂದನ: ‘ಗಟ್ಟಿಯಾಗಿರು’ ಅಂದರೆ ಹೇಗೆ?

ಶೃಂಗೇರಿ ಕಡೆಯ ಓದುಗರೊಬ್ಬರು ಕಳೆದ ಸಂಚಿಕೆಗೆ ಬರೆದಿದ್ದರು. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ, ತಲೆ ಮೇಲೆ ಸಾಲ, ಮಾತೇ ಬಿಟ್ಟ ಗಂಡ. ‘ಮನಸ್ಸು ಗಟ್ಟಿ ಮಾಡ್ಕೋ ಅಂತಾರೆ. ಹೇಗೆ ಅಂತ ಯಾರೂ ಹೇಳಲ್ಲ.’ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮದು ಸಂಪಾಜೆ ಹತ್ತಿರ. ಮೊದಲು ಒಂದೆರಡು ಮರದ ಸೋಗೆ ತುದಿ ಹಳದಿಯಾಯಿತು. ಗೊಬ್ಬರ ಸಾಲದೆ ಇರಬೇಕು ಅಂದುಕೊಂಡೆವು. ಆಮೇಲೆ ಅಡಿಕೆ ಸುಲಿದರೆ ತಿರುಳು ಕಪ್ಪು. ಮಾವ ನೆಟ್ಟ ಮರಗಳು, ಕಡಿಸೋಕೆ ಇವರಿಗೆ ಕೈ ಬರಲಿಲ್ಲ. ಬೆಳಿಗ್ಗೆ ತೋಟಕ್ಕೆ ಹೋಗಿ ಸುಮ್ನೆ ನಿಂತು ಬರುತ್ತಿದ್ದರು. ನಾನು ನಗುನಗುತ್ತಾ ಓಡಾಡಿದೆ. ಬಂದವರೆಲ್ಲ ‘ಎಷ್ಟು ಗಟ್ಟಿ ಹೆಂಗಸು’ ಅಂದರು. ಹಾಗೆ ಅಂದಷ್ಟೂ ನನಗೆ ಅಳೋಕೆ ಜಾಗವೇ ಇಲ್ಲದಂತಾಯಿತು. ಕೊನೆಗೆ ತಂಗಿಯ ಮದುವೆಯಲ್ಲಿ ಹೋಳಿಗೆ ಬಡಿಸುತ್ತಾ, ಪಂಕ್ತಿ ಮಧ್ಯೆಯೇ ಅತ್ತುಬಿಟ್ಟೆ. ಆ ರಾತ್ರಿ ಇವರು ಬಾಯಿ ಬಿಟ್ಟು ಸಾಲದ ಲೆಕ್ಕ ಹೇಳಿದರು. ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇತ್ತು. ಆದರೂ ಮೊತ್ತ ಗೊತ್ತಾದ ಮೇಲೆ ಹೆದರಿಕೆ ಇಳಿಯಿತು, ವಿಚಿತ್ರ ಅಲ್ವಾ? ಆ ತೋಟದ ಕಡೆ ಮಾತ್ರ ಈಗಲೂ ನಾನು ಹೋಗಲ್ಲ.
– ಸುಳ್ಯ ತಾಲೂಕಿನ ಓದುಗರು

ಮುಂದಿನದನ್ನು ಬಂದ ಹಾಗೇ ಕೊಟ್ಟಿದ್ದೇವೆ.

ಮಳೆಯೇ ಕಾಣದ ಊರು ನಮ್ಮದು. ನಾವ್ಯಾರೂ ಪತ್ರಿಕೆಗೆ ಬರೆದುಕೊಂಡು ಕೂರಲಿಲ್ಲ. ಅಳೋದು ಬಿಟ್ಟು ಕೆಲಸ ನೋಡಿ.
– ಪಾವಗಡದ ಓದುಗರು

ಪಾವಗಡದವರೂ ಈ ಸಲ ಬರೆದರಲ್ಲ, ಸಂತೋಷ. ಇನ್ನೊಬ್ಬರಿಗೆ ತೋಟದ್ದೇ ಚಿಂತೆ.

ಈ ರೋಗಕ್ಕೆ ಮೈಲುತುತ್ತ, ಸುಣ್ಣ ಹೊಡೆದು ದುಡ್ಡು ಹಾಳು ಮಾಡಬೇಡಿ. ಅದು ಕೊಳೆರೋಗಕ್ಕೆ. ಹಳದಿ ಎಲೆಯನ್ನು ಹರಡೋದು ಜಿಗಿಹುಳ, ವಾಸಿ ಮಾಡುವ ಔಷಧಿ ಇಲ್ಲ. ಕಾಫಿ, ಕಾಳುಮೆಣಸು ಹಾಕಿ. ಗಿಡದ ಅಂತರ ಬೇಕಿದ್ದರೆ ಮತ್ತೆ ಬರೆಯುತ್ತೇನೆ.
– ಕೊಪ್ಪದ ಬೆಳೆಗಾರರು

ಕೊನೆಯ ಪತ್ರವನ್ನು ದಯವಿಟ್ಟು ಪೂರ್ತಿ ಓದಿ.

ನಿಮ್ಮ ಮನಸ್ಸಿನ ಮಾತು ಆಮೇಲೆ. ಯಜಮಾನರು ಊಟ, ನಿದ್ದೆಯನ್ನೂ ಬಿಟ್ಟಿದ್ದಾರಾ? ‘ನಾನಿಲ್ಲದಿದ್ದರೆ ನಿಮಗೇ ಒಳ್ಳೇದು’ ಅಂತಾರಾ? ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. 14416ಕ್ಕೆ ಫೋನ್ ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಅದು. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ತೋಟದ ಔಷಧಿ ಡಬ್ಬಿಗಳನ್ನೆಲ್ಲ ಇವತ್ತೇ ಒಂದು ಕಡೆ ಇಟ್ಟು ಬೀಗ ಹಾಕಿ. ಕೀಲಿ ನಿಮ್ಮ ಹತ್ತಿರ ಇರಲಿ.
– ತೀರ್ಥಹಳ್ಳಿಯ ನರ್ಸ್